ಹಸುವಿನ ಸರದಿ

ಕೃತಕ ಗರ್ಭಧಾರಣೆಯ ಚರಿತ್ರೆ ಬರೆದವರೆಲ್ಲ ಹೋರಿಯ ಚರಿತ್ರೆಯನ್ನೇ ಬರೆದರು. ಅಜ್ಜೀಪುರದ ಸುತ್ತಿನ ದೊಡ್ಡಿಗಳಲ್ಲಿ ಹಸುಗಳಿಗೆ ಕೈಹಾಕಿಯೇ ಸರ್ಕಾರಿ ಸಂಬಳ ತಿಂದ ನನಗೆ ಇದು ಹಳೇ ತಕರಾರು.

ನಮ್ಮ ಕಡೆಯವು ಕಾಡು ಮೇಯ್ದು ಬದುಕುವ ದನ. ಕಾವೇರಿ ದಂಡೆಯ ಆಲಂಬಾಡಿಯ ಹೆಸರು ಹೊತ್ತ ಬೂದು ಬಣ್ಣದ ತಳಿ ಒಂದು ಕಡೆ. ಗಡಿಯಾಚೆ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕುವ, ಕೆಂಚು ಮೈಮೇಲೆ ಬಿಳಿ ಮಚ್ಚೆಯ ತಳಿ ಇನ್ನೊಂದು ಕಡೆ. ದೊಡ್ಡಿಯಲ್ಲಿ ಹೋರಿ ಮಂದೆಯ ಜೊತೆಗೇ ಇರುತ್ತಿತ್ತು. ಬೆದೆ ಯಾವತ್ತು ಬಂತು, ಯಾವತ್ತು ಇಳಿಯಿತು ಎಂದು ಮನುಷ್ಯ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಎರಡು ವರ್ಷ ಕರು ಹಾಕದ ಹಸುವಿಗೆ ಗೊಡ್ಡು ಎಂಬ ಪಟ್ಟ ಕಟ್ಟಿ ಮುಡುಕುತೊರೆಗೋ, ಘಟ್ಟ ಇಳಿಸಿ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೋ ಹೊಡೆಯುತ್ತಿದ್ದರು. ಒಳಗೆ ಏನು ಕೆಟ್ಟಿದೆ ಎಂದು ಕೇಳಿದವರಿಲ್ಲ.

1939ರಲ್ಲಿ ಮೈಸೂರು ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಎಂಬುವರು ಹಾಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಹಾಕಿ 33 ಹಸು ಗಬ್ಬ ನಿಲ್ಲಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆ ಶುರುವಾದದ್ದು ಅಲ್ಲಿಂದ. ಆಗ ಅಜ್ಜೀಪುರ ಮೈಸೂರಿಗೆ ಸೇರಿರಲಿಲ್ಲ. ಅದಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಯದು. 1942ರಲ್ಲಿ ಇಜ್ಜತ್‌ನಗರದಲ್ಲಿ ಪ್ರಯೋಗ ಆರಂಭವಾಯಿತು, ಮುಂದೆ ಬೆಂಗಳೂರಿಗೂ ಒಂದು ಕೇಂದ್ರ ಬಂತು. 1949ರಲ್ಲಿ ಇಂಗ್ಲೆಂಡಿನವರು ಗ್ಲಿಸರಾಲ್ ಬೆರೆಸಿದರೆ ವೀರ್ಯ ಹೆಪ್ಪುಗಟ್ಟಿಯೂ ಸಾಯುವುದಿಲ್ಲ ಎಂದು ಕಂಡುಕೊಂಡರು. ಆಮೇಲೆ ಹೆಸರಘಟ್ಟದ ಹೋರಿಯ ಬೀಜ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಲ್ಲಿ ಕೂತು ನಮ್ಮ ಕಾಡಂಚಿಗೂ ಬಂತು. "ಹಸ ಬೆದೆಗೆ ಬಂದದ ಸಾ, ಸೂಜಿ ಹಾಕ್ಬುಟ್ಟೋಗಿ" ಎಂದು ಜನ ಬಂದು ನಿಲ್ಲತೊಡಗಿದರು.

ವೀರ್ಯ ಮೈಯಿಂದ ಹೊರಗೆ ಬರುತ್ತದೆ. ಹಿಡಿಯಬಹುದು, ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಊರೂರಿಗೆ ಹೊರಬಹುದು. ಹಸುವಿನ ಅಂಡಾಶಯ ಹೊಟ್ಟೆಯೊಳಗೆ ಅಡಗಿ ಕೂತ ಅಂಗ. ಹೋರಿಗೆ ಮೊದಲ ಸರದಿ ಸಿಕ್ಕಿದ್ದು ಇಷ್ಟೇ ಕಾರಣಕ್ಕೆ. ಅಂಡಾಶಯದ ಬಗ್ಗೆ ನಮಗಿದ್ದದ್ದು ಕೈಯ ತಿಳಿವಳಿಕೆ ಮಾತ್ರ: ಗುದದ್ವಾರದ ಮೂಲಕ ಮೊಣಕೈ ದಾಟುವಷ್ಟು ಕೈಹಾಕಿ, ಕರುಳಿನ ಗೋಡೆಯಾಚೆ ಹುಣಸೆಬೀಜದಂತೆ ಜಾರುವ ಆ ಗಂಟನ್ನು ಬೆರಳ ನಡುವೆ ಹಿಡಿಯಬೇಕು. ಅದರ ಮೇಲೊಂದು ಗುಳ್ಳೆ. ಒತ್ತಿದರೆ ಮೆತ್ತಗೆ ತಗ್ಗಿದರೆ ಬೆದೆ ಹತ್ತಿರವಿದೆ ಎಂದು ಲೆಕ್ಕ. ಆ ಗುಳ್ಳೆ ದುಂಡಗಿರುತ್ತದೆ. ಮುಂದಿನ ಕಥೆಯೆಲ್ಲ ಈ ದುಂಡುತನದ್ದೇ.

ಗುಳ್ಳೆಯ ಒಳಗೋಡೆಗೆ ಗ್ರ್ಯಾನ್ಯುಲೋಸಾ ಎಂಬ ಜೀವಕೋಶಗಳು ಒತ್ತೊತ್ತಾಗಿ ಅಂಟಿರುತ್ತವೆ. ಅಂಡವನ್ನು ಪೋಷಿಸುವುದು ಅವೇ, ಹಸುವನ್ನು ಬೆದೆಗೆ ತರುವ ಈಸ್ಟ್ರೋಜನ್ ತಯಾರಿಸುವುದೂ ಅವೇ. ಅಂಡ ಹೊರಬಿದ್ದ ಮೇಲೆ ವೇಷ ಬದಲಿಸಿ ಗಬ್ಬ ಕಾಯುವ ಪ್ರೊಜೆಸ್ಟರಾನ್ ಸುರಿಸುತ್ತವೆ. ಇವನ್ನು ಮೈಯಿಂದ ತೆಗೆದು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದಾಗ ತಳಕ್ಕೆ ಅಂಟಿ ಚಪ್ಪಟೆಯಾದವು. ಹೊತ್ತಿಗೆ ಮುಂಚೆಯೇ ವೇಷ ಬದಲಿಸಿ ಈಸ್ಟ್ರೋಜನ್ ಕೈಬಿಟ್ಟವು. ತಟ್ಟೆ ಹೇಳಿದ್ದು ಒಂದು, ಹಸುವಿನ ಒಳಗೆ ನಡೆಯುವುದು ಇನ್ನೊಂದು. ಗುಳ್ಳೆಯನ್ನು ಕೈಯಾರೆ ಮುಟ್ಟಿದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ.

ಪರಿಹಾರ ಹುಡುಕುತ್ತ ಹೋದವರು ಹಳೆಯ ಉಪಾಯವೊಂದಕ್ಕೆ ಮರಳಿದರು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ನರಕೋಶವನ್ನು ತಲೆಕೆಳಗಾದ ಹನಿಯಲ್ಲಿ ಬೆಳೆಸಿದ್ದರು. ತೂಗುವ ಹನಿಗೆ ಅಂಟಿಕೊಳ್ಳಲು ತಳವಿಲ್ಲ. ಕೋಶಗಳು ಒಂದನ್ನೊಂದು ಹಿಡಿದು ಉಂಡೆಕಟ್ಟುತ್ತವೆ. ಇನ್ನೊಂದು ದಾರಿ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್: ಕ್ಯಾಲ್ಸಿಯಂ ತಾಗಿದರೆ ಹೆಪ್ಪಾಗುವ ಈ ಲೋಳೆಯೊಳಗೆ ಇಡೀ ಗುಳ್ಳೆಯನ್ನೇ ಹುದುಗಿಸಿಡುವುದು. 2006ರಲ್ಲಿ ಅಮೆರಿಕದಲ್ಲಿ ಹೀಗೆ ಬೆಳೆಸಿದ ಇಲಿಯ ಅಂಡಗಳಿಂದ ಜೀವಂತ ಮರಿ ಹುಟ್ಟಿದವು. ಇಲಿಯ ಗುಳ್ಳೆ ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಹಸುವಿನದಕ್ಕೆ ತಿಂಗಳುಗಟ್ಟಲೆ ಬೇಕು. ಆದ್ದರಿಂದ ಇಲಿಯಲ್ಲಿ ಗೆದ್ದದ್ದನ್ನು ಹಸುವಿನಲ್ಲಿ ಗೆದ್ದಂತೆ ಹೇಳಿಕೊಳ್ಳುವವರ ಮಾತು ನಂಬಬೇಡಿ.

ನಮ್ಮಲ್ಲಿ ಇಂಥ ಕೆಲಸದ ಮುಖ್ಯ ಮನೆ ಬೆಂಗಳೂರಿನ ಆಡುಗೋಡಿ. 1923ರಲ್ಲಿ ಇಂಪೀರಿಯಲ್ ಪಶುಸಂಗೋಪನಾ ಸಂಸ್ಥೆ ಶುರುವಾದದ್ದು ಅಲ್ಲಿಯೇ. 1927ರಲ್ಲಿ ಗಾಂಧೀಜಿ ಹಸು ಸಾಕಣೆಯ ಪಾಠ ಕೇಳಲು ಹೋದದ್ದೂ ಅಲ್ಲಿಗೇ. 1995ರಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಅಲ್ಲೇ ನೆಲೆಯಾಯಿತು. ಕಸಾಯಿಖಾನೆಯಿಂದ ತಂದ ಅಂಡಾಶಯಗಳ ಕೋಶ ಬೆಳೆಸಿ, ಅಮೋನಿಯ, ಯೂರಿಯಾ ಹೆಚ್ಚಾದರೆ ಅವು ಹೇಗೆ ಕುಗ್ಗುತ್ತವೆ ಎಂದು ಅಲ್ಲಿ ಪರೀಕ್ಷಿಸಿದ್ದಾರೆ. ಮೇವು ಕೆಟ್ಟರೆ ಗಬ್ಬ ಕೆಡುತ್ತದೆ ಎಂದು ನಮ್ಮ ದೊಡ್ಡಿಯ ಮುದುಕರು ಹೇಳುತ್ತಿದ್ದುದಕ್ಕೆ ಲ್ಯಾಬಿನ ಪುರಾವೆ ಇದು. ಕೆಲಸ ಸಣ್ಣದೇನಲ್ಲ.

ಆದರೆ ಕಸಾಯಿಖಾನೆಗೆ ಹೋಗುವ ರಾಸು ಸಿಕ್ಕಿದ ರಾಸು. ಅದರ ತಳಿ, ವಯಸ್ಸು, ಕರು ಹಾಕಿದ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಆಲಂಬಾಡಿಯಂಥ ತಳಿಯ ಹಸು ಮುಪ್ಪಿನಿಂದಲೋ ಹುಲಿ, ಚಿರತೆ ಹಿಡಿದೋ ದೊಡ್ಡಿಯಲ್ಲೇ ಸಾಯುತ್ತದೆ. ಅದರ ಅಂಡಾಶಯ ಅದರ ಜೊತೆಗೇ ಮಣ್ಣಾಗುತ್ತದೆ. ಹೋರಿಯ ಬೀಜಕ್ಕೆ ಕ್ಯಾನು ಹೊತ್ತು ಊರೂರು ಸುತ್ತಿದ ಇಲಾಖೆ ಇದಕ್ಕೂ ಒಂದು ದಾರಿ ಮಾಡಬಹುದು: ದೊಡ್ಡಿಯಲ್ಲಿ ಹಸು ಸತ್ತ ಸುದ್ದಿ ಬಂದ ಕೂಡಲೇ ಅಂಡಾಶಯ ತೆಗೆದು ಬೆಚ್ಚನೆಯ ಸಲೈನಿನ ಫ್ಲಾಸ್ಕಿನಲ್ಲಿ ಕಳಿಸುವ ಏರ್ಪಾಡು. ನಮ್ಮ ಹನೂರಿನಿಂದ ಆಡುಗೋಡಿಗೆ ಅರ್ಧ ದಿನದ ದಾರಿ. ಆಡುಗೋಡಿಯವರು ಒಂದು ಸಲ ಈ ಕಡೆ ಬಂದು ದೊಡ್ಡಿಯವರ ಜೊತೆ ಕೂತು ಮಾತಾಡಲಿ.