ಹಡಗಿನಲ್ಲಿ ಬಂದ ಹಳದಿ ಜ್ವರ

1793ರ ಬೇಸಿಗೆ. ಇಂದಿನ ಹೈಟಿ ಅಂದು ಫ್ರೆಂಚರ ವಸಾಹತು. ಅಲ್ಲಿ ಗುಲಾಮರು ದಂಗೆಯೆದ್ದಿದ್ದರು. ಪ್ರಾಣಭಯದಿಂದ ಓಡಿದ ನಿರಾಶ್ರಿತರನ್ನು ತುಂಬಿಕೊಂಡ ಹಡಗುಗಳು ಆಗ ಅಮೆರಿಕದ ರಾಜಧಾನಿಯಾಗಿದ್ದ ಫಿಲಡೆಲ್ಫಿಯಾಕ್ಕೆ ಬಂದವು. ಅವುಗಳ ಜೊತೆಗೇ ಹಳದಿ ಜ್ವರವೂ ಬಂದಿಳಿಯಿತು.

ಆಗಸ್ಟ್‌ನಿಂದ ನವೆಂಬರ್‌ವರೆಗೆ, ಸುಮಾರು 50 ಸಾವಿರ ಜನರಿದ್ದ ಆ ನಗರದಲ್ಲಿ ಸುಮಾರು 5 ಸಾವಿರ ಮಂದಿ ಸತ್ತರು. ಉಳ್ಳವರು ಊರು ಬಿಟ್ಟರು. ಪ್ರಸಿದ್ಧ ವೈದ್ಯ ಬೆಂಜಮಿನ್ ರಶ್, ಬಂದರಿನಲ್ಲಿ ಕೊಳೆಯುತ್ತಿದ್ದ ಕಾಫಿಯ ದುರ್ವಾಸನೆಯೇ ಕಾರಣವೆಂದರು. ಇನ್ನು ಕೆಲವರು ನಿರಾಶ್ರಿತರತ್ತ ಬೆರಳು ತೋರಿಸಿದರು. ಸೊಳ್ಳೆಯನ್ನು ಯಾರೂ ಶಂಕಿಸಲಿಲ್ಲ.

ಕಪ್ಪು ಜನರಿಗೆ ಈ ರೋಗ ತಗಲದೆಂದು ನಂಬಿದ್ದ ರಶ್ ಅವರ ನೆರವು ಕೋರಿದರು. ಅಬ್ಸಲೋಮ್ ಜೋನ್ಸ್ ಮತ್ತು ರಿಚರ್ಡ್ ಅಲೆನ್‌ರ ನೇತೃತ್ವದಲ್ಲಿ ಅವರು ರೋಗಿಗಳ ಶುಶ್ರೂಷೆ ಮಾಡಿದರು, ಹೆಣಗಳನ್ನು ಹೂತರು. ಆದರೆ ಆ ನಂಬಿಕೆ ಸುಳ್ಳಾಗಿತ್ತು. ಅವರಲ್ಲೂ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಜ್ವರ ಇಳಿದ ಮೇಲೆ ಪ್ರಕಾಶಕ ಮ್ಯಾಥ್ಯೂ ಕೇರಿ, ಅವರಲ್ಲಿ ಕೆಲವರು ರೋಗಿಗಳನ್ನು ಸುಲಿದರು, ಕದ್ದರು ಎಂದು ಬರೆದ. 1794ರಲ್ಲಿ ಜೋನ್ಸ್ ಮತ್ತು ಅಲೆನ್ ಲೆಕ್ಕಪತ್ರ ಸಮೇತ ಪುಸ್ತಿಕೆ ಪ್ರಕಟಿಸಿ ಅದಕ್ಕೆ ಉತ್ತರಿಸಬೇಕಾಯಿತು.

ನಿಜವಾದ ಅಪರಾಧಿ ಪತ್ತೆಯಾಗಲು ಒಂದು ಶತಮಾನ ಹಿಡಿಯಿತು. ಸೊಳ್ಳೆಯೇ ವಾಹಕವೆಂದು ಕ್ಯೂಬಾದ ಕಾರ್ಲೋಸ್ ಫಿನ್ಲೇ 1881ರಲ್ಲಿ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. 1900ರಲ್ಲಿ ವಾಲ್ಟರ್ ರೀಡ್‌ರ ತಂಡ ಅದನ್ನು ಸಾಬೀತುಪಡಿಸಿತು. ಹಡಗಿನ ಕುಡಿಯುವ ನೀರಿನ ಪೀಪಾಯಿಗಳಲ್ಲೇ ಈಡಿಸ್ ಸೊಳ್ಳೆ ಮರಿಮಾಡುತ್ತಿತ್ತು. ಪ್ರಯಾಣಿಕರ ರಕ್ತ ಹೀರುತ್ತಾ ರೋಗವನ್ನು ದಡದಿಂದ ದಡಕ್ಕೆ ಒಯ್ಯುತ್ತಿತ್ತು. 1937ರಲ್ಲಿ ಮ್ಯಾಕ್ಸ್ ಥೈಲರ್ ರೂಪಿಸಿದ ಲಸಿಕೆ ಇಂದಿಗೂ ಬಳಕೆಯಲ್ಲಿದೆ.

ಭಾರತಕ್ಕೆ ಹಳದಿ ಜ್ವರ ಈವರೆಗೆ ಕಾಲಿಟ್ಟಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಊರುಗಳಲ್ಲಿ ಡೆಂಗಿ, ಚಿಕುನ್‌ಗುನ್ಯಾ ಹರಡುತ್ತಲೇ ಇದೆ. ಹಿಂದೆ ಹಡಗಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿಯನ್ನು ವಿಮಾನ ಒಂದು ದಿನದಲ್ಲಿ ಮುಗಿಸುತ್ತದೆ. ಆದ್ದರಿಂದಲೇ ಈ ರೋಗವಿರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಗೆ ದುಡಿಮೆಗೋ ವ್ಯಾಪಾರಕ್ಕೋ ಹೊರಡುವವರು ಕನಿಷ್ಠ 10 ದಿನ ಮೊದಲೇ ಲಸಿಕೆ ಪಡೆಯಬೇಕು. 2016ರಿಂದ ಅದರ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆಯಿದೆ. ಆ ಹಳದಿ ಕಾರ್ಡು ನಮ್ಮ ಪ್ರಾಣಕ್ಕಷ್ಟೇ ಅಲ್ಲ, ಮರಳಿ ಬಂದಾಗ ನಮ್ಮನ್ನು ಕಾಯುತ್ತಿರುವ ಮನೆಮಂದಿಗೂ ನೆರೆಹೊರೆಗೂ ರಕ್ಷೆ. ಮರಳಿದ ಮೇಲೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದೆವೆಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಹಾಗೆ ಹೇಳಿದವನನ್ನು ಊರು ದೂರವಿಡಬಾರದು. ದೂಷಣೆಗೆ ಹೆದರಿದವನು ರೋಗವನ್ನು ಬಚ್ಚಿಡುತ್ತಾನೆ. ಸೊಳ್ಳೆಗೆ ಬೇಕಾದದ್ದೂ ಅದೇ.