ಪದಬಂಧದಿಂದ ಫ್ರೀ ಫೈರ್‌ವರೆಗೆ: ಎಂಟ್ರಿ ಫೀಸಿನ ಕತೆ

ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯೊಂದರ ಹುಡುಗರು ಮೊನ್ನೆ ನಮ್ಮನ್ನು ತಡೆದು ನಿಲ್ಲಿಸಿದರು. 'ಅಣ್ಣ, ಫ್ರೀ ಫೈರ್ ಮ್ಯಾಕ್ಸ್ ಟೂರ್ನಮೆಂಟ್ ಮಾಡ್ತಿದ್ದೀವಿ. ಟೀಮ್‌ಗೆ ಇನ್ನೂರು ರೂಪಾಯಿ ಎಂಟ್ರಿ, ಫಸ್ಟ್ ಪ್ರೈಜ್ ಟಗರು. ಪೇಪರ್‌ಗೆ ಒಂದ್ ಸುದ್ದಿ ಹಾಕ್ಸಿ.' ಕಬಡ್ಡಿ, ವಾಲಿಬಾಲ್‌ಗೆ ಹೀಗೇ ಫೀಸು ಎತ್ತಿ ಟಗರು ಕೊಡುವುದನ್ನು ನೋಡುತ್ತಲೇ ಬೆಳೆದವರು ನಾವು. ಆದರೂ ಈ ಸುದ್ದಿ ಬರೆಯಲು ಕೈ ಹಿಂಜರಿಯಿತು. ಕಾರಣ ತಿಳಿಯಲು ಸುಮಾರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರು ಜಿಲ್ಲೆಗೆ ಸೇರಿದ್ದವು. ಬೆಂಗಳೂರಿನಿಂದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಅದರ ಮೂಲಕ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಪದಬಂಧ ಸ್ಪರ್ಧೆ ನಡೆಸುತ್ತಿದ್ದರು. ಫೀಸು ಕಟ್ಟಿ ಉತ್ತರ ಕಳಿಸಬೇಕು, ಗೆದ್ದರೆ ಬಹುಮಾನ. ಬೊಂಬಾಯಿ ರಾಜ್ಯದಲ್ಲೂ ಇದಕ್ಕೆ ಓದುಗರಿದ್ದರು. ಅಲ್ಲಿನ ಸರ್ಕಾರ ಕಾಯ್ದೆ ತಿದ್ದಿ ತೆರಿಗೆ ಹಾಕಿದಾಗ ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿತು. 1957ರ ಏಪ್ರಿಲ್ 9ರಂದು ತೀರ್ಪು ಬಂತು: ಇದು ಜೂಜು, ವ್ಯಾಪಾರವಲ್ಲ; ವ್ಯಾಪಾರಕ್ಕಿರುವ ಸಂವಿಧಾನದ ರಕ್ಷಣೆ ಇದಕ್ಕಿಲ್ಲ.

ಅದೇ ದಿನ ಇನ್ನೊಂದು ತೀರ್ಪೂ ಹೊರಬಿತ್ತು. 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ತಿಂಗಳಿಗೆ ಒಟ್ಟು 1,000 ರೂಪಾಯಿ ಬಹುಮಾನದ ಮಿತಿ ಹಾಕಿತ್ತು. ಅದು ಅದೃಷ್ಟದ ಸ್ಪರ್ಧೆಗಳಿಗೆ ಮಾತ್ರ ಅನ್ವಯ, ಕೌಶಲವೇ ಮುಖ್ಯವಾದ ಸ್ಪರ್ಧೆಗಳಿಗೆ ಅಲ್ಲ ಎಂದಿತು ಕೋರ್ಟ್.

ಅಲ್ಲಿಂದ ಮುಂದೆ ಪ್ರಶ್ನೆ ಒಂದೇ ಆಯಿತು: ಕೌಶಲವೋ, ಅದೃಷ್ಟವೋ? ನಮ್ಮ 1963ರ ಪೊಲೀಸ್ ಕಾಯ್ದೆಯೂ ಕೌಶಲದ ಆಟವನ್ನು ಜೂಜಿನಿಂದ ಹೊರಗಿಟ್ಟಿತು. 2021ರ ಅಕ್ಟೋಬರ್ 5ರಂದು ಜಾರಿಗೆ ಬಂದ ತಿದ್ದುಪಡಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ವಿಷಯದಲ್ಲಿ ಈ ಗೆರೆ ಅಳಿಸಲು ನೋಡಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು.

ಈಗ ಸಂಸತ್ತೇ ಆ ಗೆರೆ ಅಳಿಸಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದಿಲ್ಲ. ಆಡುವವರು ಫೀಸು ಕಟ್ಟಿ, ಅದಕ್ಕೆ ಪ್ರತಿಯಾಗಿ ಹಣವನ್ನೋ ಬೇರೆ ಲಾಭವನ್ನೋ ನಿರೀಕ್ಷಿಸುತ್ತಾರೆಯೇ ಎಂದು ಕೇಳುತ್ತದೆ. ಹೌದಾದರೆ ಅದು ಹಣದ ಆಟ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪ್ರಚಾರ ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಫೀಸೂ ಬಹುಮಾನವೂ ಇರುವ ಇ-ಸ್ಪೋರ್ಟ್ಸ್‌ಗೆ ವಿನಾಯಿತಿ ಇದೆ. ಆದರೆ ಅದಕ್ಕೆ ಮಾನ್ಯತೆ, ನೋಂದಣಿ ಬೇಕು. ಬ್ಯಾನರ್ ಮೇಲೆ 'ಇ-ಸ್ಪೋರ್ಟ್ಸ್' ಎಂದು ಬರೆಸಿದರೆ ಸಾಲದು.

ಅಂದರೆ ತೊಡಕು ಟಗರಿನದ್ದಲ್ಲ, ಇನ್ನೂರು ರೂಪಾಯಿಯದ್ದು. ಕಬಡ್ಡಿ ಮೈದಾನದಲ್ಲಿ ಯಾರೂ ಪ್ರಶ್ನಿಸದ ಫೀಸು ಮೊಬೈಲ್ ಒಳಗೆ ಹೊಕ್ಕ ಕೂಡಲೇ ಬೇರೆ ಕಾಯ್ದೆಯ ಕೈಗೆ ಸಿಗುತ್ತದೆ. ಕೋಟಿಗಟ್ಟಲೆ ವಹಿವಾಟಿನ ಕಂಪನಿಗಳನ್ನು ಕಣ್ಣಮುಂದಿಟ್ಟು ಬರೆದ ಕಾನೂನು, ಅರಳಿಕಟ್ಟೆಯ ಹುಡುಗರಿಗೆಂದು ಬೇರೆ ಅಳತೆಗೋಲು ಇಟ್ಟುಕೊಂಡಿಲ್ಲ.

'ಫೀಸು ಬಿಡಿ, ಟಗರಿಗೆ ದಾನಿಗಳನ್ನು ಹುಡುಕಿ' ಎಂದೆವು. 'ಅಣ್ಣ, ಸ್ಕ್ಯಾನರ್ ಹಾಕಿ ಆಗ್ಲೇ ಹನ್ನೊಂದು ಟೀಮ್ ದುಡ್ಡು ಇಸ್ಕೊಂಡಿದ್ದೀವಲ್ಲ' ಎಂದ ಒಬ್ಬ. ವಾಪಸ್ ಕೊಡಿ ಎಂದೆವು. ಕೊಟ್ಟ ಮೇಲೆ ಸುದ್ದಿ ಬರೆಯುತ್ತೇವೆ.