ಸೀಸೆಯ ಚೀಟಿ

ಹಳೆಯ ಓಲೆಪ್ರತಿಗಳ ಪಾಠಶೋಧನೆಯಲ್ಲಿ ಬಹುಕಾಲ ಕಳೆದವನು ನಾನು. ಲಿಪಿಕಾರನ ತಪ್ಪನ್ನು ತಿದ್ದುವುದು ಸುಲಭ. ಅದು ಹೇಗೆ ಬಂದಿತೆಂದು ವಿಚಾರಿಸುವವನಿಗೆ ಮಾತ್ರ ಆ ತಪ್ಪೇ ದಾರಿ ತೋರುತ್ತದೆ. ಈ ಮಾತಿಗೆ ಒಳ್ಳೆಯ ನಿದರ್ಶನವೊಂದು ದನಕರುಗಳ ಕೃತಕ ಗರ್ಭಧಾರಣೆಯ ಚರಿತ್ರೆಯಲ್ಲಿದೆ.

ಭಾರತದಲ್ಲಿ ಈ ವಿದ್ಯೆ ಮೊದಲು ಕೈಗೂಡಿದ್ದು ನಮ್ಮ ಮೈಸೂರಿನಲ್ಲಿಯೇ. 1939ರಲ್ಲಿ ಅರಮನೆಯ ಹೈನುಶಾಲೆಯಲ್ಲಿ ಡಾ. ಸಂಪತ್ ಕುಮಾರನ್ ಇದನ್ನು ಸಾಧಿಸಿದರು. ಆದರೆ ಅಂದು ಸಂಗ್ರಹಿಸಿದ ವೀರ್ಯ ಕೆಲವೇ ದಿನ ಉಳಿಯುತ್ತಿತ್ತು. ಉತ್ತಮ ಹೋರಿಯ ಪ್ರಯೋಜನ ಸುತ್ತಲಿನ ಊರುಗಳಿಗಷ್ಟೇ ಸೀಮಿತ. ಹೆಪ್ಪುಗಟ್ಟಿಸಿದರೆ ಜೀವಕಣದೊಳಗೆ ಹಿಮದ ಹರಳುಗಳು ಮೂಡಿ ಅದನ್ನು ಕೊಲ್ಲುತ್ತಿದ್ದವು.

ಲಂಡನ್ನಿನಲ್ಲಿ ಪೋಲ್ಜ್, ಆಡ್ರಿ ಸ್ಮಿತ್, ಪಾರ್ಕ್ಸ್ ಎಂಬ ಮೂವರು ಕೋಳಿಯ ವೀರ್ಯಕ್ಕೆ ಹಣ್ಣಿನ ಸಕ್ಕರೆಯ ದ್ರಾವಣ ಬೆರೆಸಿ ಪರೀಕ್ಷಿಸುತ್ತಿದ್ದರು, ಫಲ ಸಿಗಲಿಲ್ಲ. ಕೆಲವು ತಿಂಗಳ ಬಳಿಕ ಶೀತಾಗಾರದಲ್ಲಿ ಇಟ್ಟಿದ್ದ ಸೀಸೆಯಿಂದ ಮತ್ತೆ ಬೆರೆಸಿದಾಗ ಜೀವಕಣಗಳು ಚಳಿಯನ್ನು ಗೆದ್ದು ಚಲಿಸಿದವು. ಹೊಸದಾಗಿ ತಯಾರಿಸಿದ ಸಕ್ಕರೆಯ ದ್ರಾವಣ ಪುನಃ ಸೋತಿತು. ಆಗ ಅವರು ಸೀಸೆಯಲ್ಲಿ ಉಳಿದಿದ್ದ ತುಸು ದ್ರಾವಣವನ್ನು ಪರೀಕ್ಷೆಗೆ ಕಳುಹಿಸಿದರು. ಅದರಲ್ಲಿ ಸಕ್ಕರೆಯೇ ಇರಲಿಲ್ಲ! ಇದ್ದದ್ದು ಗ್ಲಿಸರಿನ್ ಮತ್ತು ಆಲ್ಬುಮಿನ್. ಚೀಟಿ ಅದಲುಬದಲಾಗಿತ್ತು. 1949ರಲ್ಲಿ ಆ ಶೋಧ ಪ್ರಕಟವಾಯಿತು. 1951ರ ವೇಳೆಗೆ ಘನೀಕೃತ ವೀರ್ಯದಿಂದ ಕರುವೂ ಹುಟ್ಟಿತು.

ಮುಂದೆ ಫ್ರಾನ್ಸಿನ ಕಸ್ಸೂ ರೂಪಿಸಿದ ಸಣ್ಣ ಪ್ಲಾಸ್ಟಿಕ್ ನಳಿಕೆ ಬಂದಿತು. −196 ಡಿಗ್ರಿಯ ದ್ರವ ಸಾರಜನಕವೂ ಬಳಕೆಗೆ ಬಂದಿತು. ಹೋರಿ ಗತಿಸಿದ ಎಷ್ಟೋ ವರ್ಷಗಳ ಮೇಲೂ ಅದರ ಕರು ಹುಟ್ಟುವುದು ಸಾಧ್ಯವಾಯಿತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ 1969ರಲ್ಲಿ ಇದಕ್ಕೆಂದೇ ಕೇಂದ್ರ ಸಂಸ್ಥೆ ಆರಂಭವಾಯಿತು.

ಇಷ್ಟೆಲ್ಲ ಸಾಧನೆಯೂ ಕಡೆಗೆ ನಿಂತಿರುವುದು ಹಳ್ಳಿಯ ಕೊಟ್ಟಿಗೆಯಲ್ಲಿ ಕೆಲಸ ಮಾಡುವವನ ಕೈಯಲ್ಲಿ. ನಳಿಕೆಯನ್ನು ಪಾತ್ರೆಯ ಕುತ್ತಿಗೆಯಿಂದ ಮೇಲೆತ್ತಿ ಕೆಲವು ಕ್ಷಣ ತಡೆದರೂ ಕೇಡು. ಮರಳಿ ಮುಳುಗಿಸಿದರೆ ಆದ ಕೇಡು ಹೋಗದು. ಸಾರಜನಕ ದಿನವೂ ಆವಿಯಾಗುವುದರಿಂದ ಅದರ ಮಟ್ಟವನ್ನು ಅಳೆಯುತ್ತಿರಬೇಕು. ಸುಮಾರು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿ, ತೇವವನ್ನು ಒರೆಸಿ, ತಡಮಾಡದೆ ಬಳಸಬೇಕು. ಸತ್ತ ವೀರ್ಯದ ನಳಿಕೆಗೂ ಜೀವಂತ ವೀರ್ಯದ ನಳಿಕೆಗೂ ಕಣ್ಣಿಗೆ ಭೇದವಿಲ್ಲ.

ತಪ್ಪು ಬೆಳಕಿಗೆ ಬರುವುದು ಸುಮಾರು 21 ದಿನಗಳ ಮೇಲೆ, ಹಸು ಮತ್ತೆ ಬೆದೆಗೆ ಬಂದಾಗ. ಎರಡು ಮೂರು ಸಲ ಹೀಗಾದರೆ ಹಾಲಿನ ಆಸೆಯಿಂದ ಮೇವು ಹಾಕುತ್ತ ಬಂದ ಬಡ ರೈತ ಅದನ್ನು ಗೊಡ್ಡೆಂದು ಸಂತೆಗೆ ಹೊಡೆಯುತ್ತಾನೆ. ಗೊಡ್ಡೆಂಬುದೂ ಒಂದು ಚೀಟಿಯೇ. ಅದನ್ನು ಹಸುವಿನ ಹಣೆಗೆ ಅಂಟಿಸುವ ಮುನ್ನ, ಲಂಡನ್ನಿನ ಆ ಮೂವರಂತೆ, ಸೀಸೆಯೊಳಗೆ ಏನಿತ್ತೆಂದು ಒಮ್ಮೆ ಪರೀಕ್ಷಿಸುವುದು ನ್ಯಾಯ.